ಶೆಟ್ರಿಗೊಬ್ಬ ಟ್ರೈನರ್ ಬೇಕಂತೆ

ಆದಿತ್ಯವಾರ ಸಂಜೆ ಮಂಗಳೂರಿನ ಕದ್ರಿ ಪಾರ್ಕಿನಲ್ಲಿ ಎರಡು ಸುತ್ತು ಹಾಕಿ, ಅದರ ಪುಣ್ಯವನ್ನೆಲ್ಲ ಗೋಳಿಬಜೆಯಲ್ಲಿ ಕಳೆಯುವುದು ನಮ್ಮ ಪದ್ಧತಿ. ಮೊನ್ನೆ ಹೋಟೆಲಿಗೆ ಹೋದರೆ ಶೆಟ್ರು ಮೊದಲೇ ಬಂದು ಕೂತಿದ್ದರು. ನನ್ನನ್ನು ಕಂಡದ್ದೇ ಎದ್ದು ನಿಂತರು. ಭಟ್ರು ಬಂದಾಗ ಮತ್ತೆ ಎದ್ದರು. ಪಿಂಟೋ ಬಂದಾಗಲೂ ಎದ್ದರು. ನೀರು ತಂದ ಹುಡುಗನಿಗೂ ಎದ್ದರು. ಇಪ್ಪತ್ತು ವರ್ಷದಲ್ಲಿ ಇಷ್ಟು ಮರ್ಯಾದೆ ನಮಗೆ ಸಿಕ್ಕಿರಲಿಲ್ಲ. ಸಾಲ ಕೇಳಲಿಕ್ಕಿರಬೇಕು ಅಂತ ನಾನು ಸುಮ್ಮನಾದೆ.

ವಿಷಯ ಬೇರೆ ಇತ್ತು. ಶುಗರ್ ರಿಪೋರ್ಟ್ ನೋಡಿದ ಡಾಕ್ಟರ್, ವಾರಕ್ಕೆ 150 ನಿಮಿಷವಾದರೂ ಮೈ ಬಗ್ಗಿಸಿ ಎಂದಿದ್ದಾರೆ. ಶೆಟ್ರು ಜಿಮ್ಮಿಗೆ ವರ್ಷದ ದುಡ್ಡು ಕಟ್ಟಿ ಹನ್ನೊಂದು ದಿನ ಹೋದವರು. ಈಗ ಪರ್ಸನಲ್ ಟ್ರೈನರ್ ಬೇಕಂತೆ.

"ಒಬ್ಬ ಸಿಕ್ಕಿದ್ದ ಮಾರಾಯ್ರೆ. ಅವನ ತೋಳು ಅಂದ್ರೆ ನನ್ನ ತೊಡೆ. ಹತ್ತು ನಿಮಿಷ ಮೊಬೈಲಿನಲ್ಲಿ ಅವನದ್ದೇ ಫೋಟೋ ತೋರಿಸಿದ. ಆಮೇಲೆ ನೂರು ಬಸ್ಕಿ ಹೊಡೆಸಿದ. ಮರುದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದೆ. ಅದರ ಮರುದಿನ ಹೆಂಡತಿಯನ್ನು ಹಿಡಿದೆ."

"ನೋವಾದ್ರೆ ಮೈಗೆ ಹಿಡಿದಿದೆ ಅಂತ ಅಲ್ವಾ?" ಎಂದ ಪಿಂಟೋ.

ಅಲ್ಲ. ಅಭ್ಯಾಸವಿಲ್ಲದ ಮೈಗೆ ಒಮ್ಮೆಲೇ ಭಾರ ಬಿದ್ದರೆ ಹಾಗಾಗುತ್ತದೆ, ಒಂದೆರಡು ದಿನ ಕಳೆದ ಮೇಲೆಯೇ ಅದರ ಜೋರು ಗೊತ್ತಾಗುವುದು. ನಾನು ಇದನ್ನು ಹೇಳಿದೆ. ಯಾರೂ ಕೇಳಲಿಲ್ಲ. ಗೋಳಿಬಜೆ ಬಂದಿತ್ತು, ಶೆಟ್ರು ಅದಕ್ಕೂ ಎದ್ದು ನಿಂತಿದ್ದರು.

ಭಟ್ರು ಚಟ್ನಿ ಎಳೆದುಕೊಂಡು ಕೇಳಿದರು: "ನಿಮ್ಮ ತಮ್ಮನ ಮನೆಯಲ್ಲಿ ಕಂಬಳದ ಕೋಣ ಉಂಟಲ್ಲ. ಹೊಸ ಕೋಣವನ್ನು ಮೊದಲ ದಿನವೇ ಕೆಸರಿನ ಓಟದ ಕರೆಗೆ ಇಳಿಸಿ ನೂರು ಸಲ ಓಡಿಸ್ತಾರಾ?"

"ಛೇ! ಕೋಣಕ್ಕೆ ಏನಾದ್ರೂ ಆದ್ರೆ?"

"ಮತ್ತೆ ನಿಮಗೆ ಆದ್ರೆ?"

ಶೆಟ್ರು ಯೋಚಿಸಿದರು. ಕೋಣದ ರೇಟು ಜಾಸ್ತಿ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು.

"ಹೋಗುವಾಗ ಒಂದು ಡಬ್ಬ ಪ್ರೋಟೀನ್ ಪುಡಿ ಬೇರೆ ಹಿಡಿಸಿದ," ಎಂದರು.

"ಕೋಣಕ್ಕೆ ಹುರುಳಿ ಬೇಯಿಸಿ ಹಾಕ್ತೀರಿ. ಡಬ್ಬದ ಪುಡಿ ಹಾಕಿದ್ದುಂಟಾ?"

ಪಿಂಟೋ ಬಂಗುಡೆಯ ಪರ ನಿಂತ. ನೂರು ಗ್ರಾಂ ಬಂಗುಡೆಯಲ್ಲಿ 20 ಗ್ರಾಂ ಹತ್ತಿರ ಪ್ರೋಟೀನ್ ಉಂಟು, ನಿಜ. ಆದರೆ ಅವನು ಅದನ್ನು ತಿನ್ನುವುದು ರವೆ ಹಾಕಿ ಎಣ್ಣೆಯಲ್ಲಿ ಮುಳುಗಿಸಿ. ಅವನಿಗೆ ಬೇಕಾದ ಟ್ರೈನರ್ ಹೊಟ್ಟೆ ಮಾತ್ರ ಕರಗಿಸಬೇಕಂತೆ, ಬೇರೆ ಎಲ್ಲ ಹಾಗೇ ಇರಲಿ ಅಂತೆ. ಕೊಬ್ಬು ನಾವು ಹೇಳಿದ ಜಾಗದಿಂದ ಹೋಗುವುದಿಲ್ಲ ಮಾರಾಯ, ಹಾಗೆ ಕರಗಿಸ್ತೇನೆ ಅಂದವನಿಗೆ ಅಡ್ವಾನ್ಸ್ ಕೊಡಬೇಡ ಎಂದೆ.

"ಕುಂದಾಪುರ ಕಡೆಯ ಗುರುರಾಜ ಪೂಜಾರಿ ನೋಡಿ," ಎಂದರು ಭಟ್ರು. "2018ರ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ವೇಟ್‌ಲಿಫ್ಟಿಂಗ್ 56 ಕೆಜಿ ವಿಭಾಗದ ಬೆಳ್ಳಿ. ಎತ್ತಿದ್ದು ಒಟ್ಟು 249 ಕೆಜಿ!"

"ನನ್ನ ತೂಕ 94. ನಾನು ನನ್ನನ್ನೇ ಎತ್ತಿದರೆ ಸಾಕು," ಎಂದರು ಶೆಟ್ರು. ಅಷ್ಟರಲ್ಲಿ ಚಾ ಬಂತು. ಎದ್ದು, ಕೂತು, ಮಾತು ಮುಂದುವರಿಸಿದರು. "ನಿನ್ನೆ ಇನ್ನೊಬ್ಬಳು ಹುಡುಗಿ ಬಂದಿದ್ಲು. ಬಿಪಿ ಉಂಟಾ, ಎದೆನೋವು ಬಂದದ್ದುಂಟಾ, ಮಂಡಿ ಹೇಗೆ, ಎಷ್ಟು ಗಂಟೆಗೆ ಮಲಗ್ತೀರಿ... ಮದುವೆ ಸಂಬಂಧಕ್ಕೆ ಬಂದವರೂ ನನ್ನನ್ನು ಇಷ್ಟು ಕೇಳಿರಲಿಲ್ಲ. ಕೊನೆಗೆ ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳಿಸಿದ್ಲು. ಒಂದು ಸೆಷನ್ನಿಗೆ 500 ಅಂತೆ. ಕುರ್ಚಿಯಿಂದ ಏಳ್ಲಿಕ್ಕೆ 500!"

"ಸರ್ಟಿಫಿಕೇಟ್ ಉಂಟಾ? ಹೃದಯ ನಿಂತರೆ ಎದೆ ಒತ್ತುವ ಸಿಪಿಆರ್ ಬರ್ತದಾ?" ಎಂದು ಕೇಳಿದೆ.

"ಕೇಳುವ ಮೊದಲೇ ತೋರಿಸಿದ್ಲು. ಮತ್ತೆ, ಬರುವುದಿಲ್ಲ ಅಂತಾದ್ರೆ ಹಿಂದಿನ ರಾತ್ರಿಯೇ ಹೇಳ್ಬೇಕಂತೆ. ಇಲ್ಲದಿದ್ರೆ ದುಡ್ಡು ಹೋಯ್ತು."

"ಜೂನ್ ತಿಂಗಳ ಮಳೆಯಲ್ಲಿ ನಿಮ್ಮ ಅರ್ಧ ಆಸ್ತಿ ಹೋಗ್ತದೆ," ಎಂದರು ಭಟ್ರು.

ನನಗಂತೂ ಇವಳೇ ಸರಿ ಅನ್ನಿಸಿತು. ತನ್ನ ತೋಳು ತೋರಿಸದೆ ಇವರ ಮಂಡಿ ವಿಚಾರಿಸಿದ್ದಾಳೆ. ಒಂದು ತಿಂಗಳಿಗೆ ಮಾತ್ರ ಕಟ್ಟಿ, ವರ್ಷದ್ದು ಬೇಡ ಎಂದೆ. ಶೆಟ್ರು ಏನೂ ಹೇಳಲಿಲ್ಲ.

ಹುಡುಗ ಬಿಲ್ಲು ತಂದಿಟ್ಟ. ಶೆಟ್ರು ಮತ್ತೆ ಎದ್ದು ನಿಂತು, "ಏಳು," ಎಂದರು.

ಪಿಂಟೋ ಗಡಬಡಿಸಿ ಎದ್ದ.

"ನೀನ್ಯಾಕೆ ಎದ್ದೆ? ನಾನು ಲೆಕ್ಕ ಹೇಳಿದ್ದು. ಇನ್ನು ಮೂರು ಬಾಕಿ ಉಂಟು. ಕೂತ್ಕೋ, ಇನ್ನೊಂದು ಚಾ ಹೇಳುವ."