ಮಲೆನಾಡಿನ ತೋಟಕ್ಕೆ ನೆಟ್ಟಗೋಡೆಯ ಕ್ಯಾನ್ವಾಸ್ ಡೇರೆ ಆಗುತ್ತಾ?

ಹೇಮಾವತಿ_ದಂಡೆ (ಪ್ರಶ್ನೆ)
ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ನವೆಂಬರಿನಿಂದ ಏಪ್ರಿಲ್ ತನಕ ನಾಲ್ಕು ಜನ ಮಲಗಲು ಡೇರೆ ಬೇಕು. ಈಗಿರುವ ನೈಲಾನ್ ಟೆಂಟಿನಲ್ಲಿ ಬೆಳಗಾದರೆ ಒಳಮೈಯೆಲ್ಲ ನೀರು. ನಟ್ಟನಡುವೆ ಬಿಟ್ಟು ಬೇರೆಲ್ಲೂ ತಲೆ ಎತ್ತಿ ನಿಲ್ಲಲಾಗದು. 12×14 ಅಡಿಯ ಕ್ಯಾನ್ವಾಸ್ ಡೇರೆ ಹಾಕಿಸಿದರೆ ಇವೆರಡೂ ತೀರುತ್ತವಾ? ಬಟ್ಟೆ ಯಾವುದು, ಪೈಪು ಎಷ್ಟು? ಚಳಿಗೆ ಒಳಗೆ ಕೆಂಡ ಇಡಬಹುದಾ?

ಗುಡಾರ_ಹೊಲಿಗೆ
ಎರಡೂ ತೀರುತ್ತವೆ, ಆದರೆ ಬಟ್ಟೆ ಅಪ್ಪಟ ಹತ್ತಿಯದಾಗಿರಬೇಕು. ಹತ್ತಿ ಕ್ಯಾನ್ವಾಸಿನ ನೂಲಿನ ಸಂದಿಯಲ್ಲಿ ಉಸಿರಿನ ಹಬೆ ಹೊರಗೆ ಹೋಗುತ್ತದೆ, ಲೇಪನವಿರುವ ನೈಲಾನಿನಲ್ಲಿ ಹೋಗದೆ ಅಲ್ಲೇ ಹನಿಗಟ್ಟುತ್ತದೆ. ಅಂಗಡಿಯಲ್ಲಿ ಕ್ಯಾನ್ವಾಸ್ ಹೆಸರಿನಲ್ಲಿ ಪ್ಲಾಸ್ಟಿಕ್ ಲೇಪನದ ಟಾರ್ಪಾಲನ್ನೂ ಕೊಡುತ್ತಾರೆ. ಬಿಸಿನೀರಿನ ಲೋಟದ ಬಾಯಿಗೆ ತುಂಡು ಬಟ್ಟೆ ಬಿಗಿದು ಮೇಲೆ ತಣ್ಣನೆಯ ಸ್ಟೀಲ್ ತಟ್ಟೆ ಹಿಡಿಯಿರಿ. ತಟ್ಟೆ ಮಂಜಾದರೆ ಬಟ್ಟೆ ಉಸಿರಾಡುತ್ತದೆ. ಹಾಗಿದ್ದರೂ ಮಂಜು ಕವಿದ ರಾತ್ರಿ ಹೊರಗಿನ ಗಾಳಿಯೇ ಒದ್ದೆ ಇರುವುದರಿಂದ ಎರಡೂ ತುದಿಯ ತ್ರಿಕೋನದಲ್ಲಿ ಬಲೆಯ ಕಿಟಕಿ ಇಡಿಸಲೇಬೇಕು.

ಚದರ ಮೀಟರಿಗೆ 340 ಗ್ರಾಂ ತೂಗುವ ಬಟ್ಟೆ ಸಾಕು. ಗೋಡೆ 5 ಅಡಿ, ನಡುವಿನ ಎತ್ತರ 8 ಅಡಿ ಇಟ್ಟರೆ ಸುಮಾರು 45 ಚದರ ಮೀಟರ್, ಅಂದರೆ ಬಟ್ಟೆಯೊಂದೇ 15 ಕೆಜಿ. ಮಡಿಕೆ, ಬಾಗಿಲು, ಹಗ್ಗ ಸೇರಿ 20 ಕೆಜಿ ದಾಟುತ್ತದೆ. ಗೋಡೆ ನೆಟ್ಟಗಿರುವುದರಿಂದ ಮಂಚವನ್ನು ಅಂಚಿನ ತನಕ ಸರಿಸಬಹುದು, ನಡುವೆ ಓಡಾಡಲು ಜಾಗ ಉಳಿಯುತ್ತದೆ.

ಹೊಸ ಡೇರೆಯನ್ನು ಕಟ್ಟಿ, ಪೂರ್ತಿ ತೋಯಿಸಿ, ಪೂರ್ತಿ ಒಣಗಿಸಿ. ಹೀಗೆ ಎರಡು ಮೂರು ಸಲ ಮಾಡಿ. ನೂಲು ಉಬ್ಬಿ ಹೊಲಿಗೆಯ ಸೂಜಿತೂತು ಮುಚ್ಚುತ್ತದೆ. ಇದನ್ನು ಬಿಟ್ಟವರೇ ಮೊದಲ ಮಳೆಗೆ ಹೊಲಿಗೆಯಲ್ಲಿ ಸೋರುತ್ತದೆ ಎಂದು ದೂರುವುದು.

ಪೈಪ್_ಲೆಕ್ಕ
ಹೊರವ್ಯಾಸ 25 ಮಿ.ಮೀ., 16 ಗೇಜಿನ (ಸುಮಾರು 1.6 ಮಿ.ಮೀ. ದಪ್ಪದ) ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ್ದು, 6 ಮೀಟರಿನವು 6 ತನ್ನಿ. ಮೂರನ್ನು ತಲಾ 7 ಅಡಿಯ ಎರಡು, 5 ಅಡಿಯ ಒಂದು ತುಂಡು ಮಾಡಿ. ಉಳಿದ ಮೂರನ್ನು 6 ಅಡಿ 8 ಇಂಚಿನ ಎರಡು, 5 ಅಡಿಯ ಒಂದು. 5 ಅಡಿಯವು ಕಾಲು, 6 ಅಡಿ 8 ಇಂಚಿನವು ಮಾಡಿನ ಇಳಿಜಾರು, 7 ಅಡಿಯವು ಚೌಕಟ್ಟುಗಳನ್ನು ಉದ್ದಕ್ಕೆ ಜೋಡಿಸಲು. ಮೂರು ಚೌಕಟ್ಟಿಗೆ ಸರಿಹೋಗುತ್ತದೆ, ಒಟ್ಟು ತೂಕ 33 ಕೆಜಿ ಆಸುಪಾಸು. ಪೈಪುಗಳನ್ನು ತೂರಿಸಿ ಸೇರಿಸುವ ಕೂಡುಮೂಲೆ ಒಂಬತ್ತು: ಮೂರು ಬಾಯಿಯವು 6, ನಾಲ್ಕು ಬಾಯಿಯವು 3. ವೆಲ್ಡರಿಗೆ ಶಿಖರದ ಕೋನ 127 ಡಿಗ್ರಿ, ಗೋಡೆ-ಮಾಡು ಸೇರುವಲ್ಲಿ 117 ಡಿಗ್ರಿ ಎಂದು ಬರೆದೇ ಕೊಡಿ. ಬಾಯಿಯೊಳಗೆ ಪೈಪು ಎಷ್ಟು ಕೂರುತ್ತದೆ ಎಂದು ನೋಡಿಕೊಂಡು ಆಮೇಲೆ ಕತ್ತರಿಸಿ.

ಕಟ್ಟುವಾಗ ಕಾಲು ಜೋಡಿಸದೆ ಮಾಡನ್ನು ನೆಲದಲ್ಲೇ ಕೂಡಿಸಿ, ಬಟ್ಟೆ ಹೊದಿಸಿ, ಆಮೇಲೆ ಒಂದು ಪಕ್ಕ ಎತ್ತಿ ಕಾಲು ತೂರಿಸಿ, ನಂತರ ಇನ್ನೊಂದು ಪಕ್ಕ. ಇಬ್ಬಿಬ್ಬರು ಹಿಡಿದರೆ ಸುಲಭ. ಇಬ್ಬನಿಗೆ ಕ್ಯಾನ್ವಾಸ್ ಬಿಗಿಯುತ್ತದೆ, ಆದ್ದರಿಂದ ಮಲಗುವ ಮುಂಚೆ ಹಗ್ಗ ಸ್ವಲ್ಪ ಸಡಿಲಿಸಿ. ಇಲ್ಲವಾದರೆ ಗೂಟ ಕೀಳುತ್ತದೆ, ಇಲ್ಲ ಐಲೆಟ್ (ಹಗ್ಗ ತೂರಿಸುವ ಉಂಗುರ) ಹರಿಯುತ್ತದೆ. ಸಿಲ್ವರ್ ಓಕ್ ಮರದ ಕೆಳಗೆ ಮಾತ್ರ ಬೇಡ. ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆಯ) ಗಾಳಿಗೆ ಅದರ ಕೊಂಬೆ ಮುರಿದು ಬೀಳುತ್ತದೆ.

ಒಲೆ_ಹೊಗೆ
ಕೆಂಡ ಖಂಡಿತ ಬೇಡ ಸರ್. ಕ್ಯಾನ್ವಾಸ್ ಉಸಿರಾಡುತ್ತದೆ ಎಂದು ನಂಬಿ ಅಗ್ಗಿಷ್ಟಿಕೆ ಇಡಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಅಮೆರಿಕದ ರಾಕಿ ಪರ್ವತಗಳ ಬೇಟೆ ಬಿಡಾರಗಳಲ್ಲಿ ಇದೇ ಡೇರೆಯೊಳಗೆ ಸೌದೆ ಒಲೆ ಉರಿಯುವುದು ನಿಜ. ಆದರೆ ಅದು ಮುಚ್ಚಿದ ಕಬ್ಬಿಣದ ಒಲೆ. ಹೊಗೆಕೊಳವೆ ಶಿಖರಕ್ಕಿಂತ ಎತ್ತರ, ಅದು ಮಾಡನ್ನು ದಾಟುವಲ್ಲಿ ಬೆಂಕಿ ತಾಳುವ ಬಟ್ಟೆಯ ಉಂಗುರ, ತುದಿಗೆ ಕಿಡಿ ತಡೆಯುವ ಜಾಲರಿ. ಸಕಲೇಶಪುರದ ಚಳಿಗೆ ಅಷ್ಟೆಲ್ಲ ಬೇಕಿಲ್ಲ. ಹಾಸಿಗೆಯ ಕೆಳಗೆ ದಪ್ಪ ಚಾಪೆ, ಮೇಲೆ ಕಂಬಳಿ ಸಾಕು.

ಹೇಮಾವತಿ_ದಂಡೆ
ಧನ್ಯವಾದ. ಮೇಲೊಂದು ಟಾರ್ಪಾಲ್ ಎಳೆದು ಮಳೆಗಾಲದಲ್ಲೂ ಹಾಗೇ ಬಿಡಬಹುದಾ?

ಗುಡಾರ_ಹೊಲಿಗೆ
ಬೇಡ. ನೀರು ಸೋರದಿದ್ದರೂ ತಿಂಗಳುಗಟ್ಟಲೆ ಒಣಗದ ಹತ್ತಿಗೆ ಬೂಷ್ಟು ಹಿಡಿಯುತ್ತದೆ. ಬಂದ ಕಪ್ಪು ಚುಕ್ಕೆ ಹೋಗುವುದಿಲ್ಲ, ನೂಲೂ ಕೊಳೆಯುತ್ತದೆ. ಮೇ ತಿಂಗಳ ಒಳ್ಳೆಯ ಬಿಸಿಲು ನೋಡಿ ಬಿಚ್ಚಿ, ಒಣ ಬ್ರಷ್ಷಿನಿಂದ ಮಣ್ಣು ಉದುರಿಸಿ. ಸೋಪಿನಪುಡಿ ಹಾಕಿದರೆ ನೀರು ತಡೆಯಲೆಂದು ನೂಲಿಗೆ ಹಿಡಿಸಿದ ಮದ್ದು ಹೋಗುತ್ತದೆ, ಬರೀ ನೀರು ಸಾಕು. ಅಂಚಿನ ಮಡಿಕೆಗಳನ್ನು ಬೆರಳಿಟ್ಟು ನೋಡಿ, ಕೊನೆಗೆ ಒಣಗುವುದು ಅವೇ. ಗೆದ್ದಲು ಹತ್ತಿಯನ್ನು ಬಿಡುವುದಿಲ್ಲ, ಆದ್ದರಿಂದ ನೆಲ ಮುಟ್ಟುವ ಪಟ್ಟಿಯನ್ನಾದರೂ ಪ್ಲಾಸ್ಟಿಕ್ ಲೇಪನದ ಬಟ್ಟೆಯಲ್ಲಿ ಮಾಡಿಸಿ. ಆ ಪಟ್ಟಿಯನ್ನು ಒಳಕ್ಕೆ ಮಡಚಿ ಅದರ ಮೇಲೆ ನೆಲಹಾಸು ಹಾಸಿ. ಮಡಚಿದ ಡೇರೆಯನ್ನು ಇಲಿ ನುಗ್ಗದ ತಗಡಿನ ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೇರಿಸಿ.