ಸಹಾಯ ಬೇಕು: ಟಿಎಂಸಿ-1 ರೋಹಿತದಲ್ಲಿ ಬೆಂಜೋನೈಟ್ರೈಲ್ ಗೆರೆಗಳನ್ನು ಕೂಡಿಸುವಾಗ ಬರುವ ಉಬ್ಬು

ವೃಷಭ ರಾಶಿಯ ಟಿಎಂಸಿ-1 ಮೋಡದ 18ರಿಂದ 23 ಗಿಗಾಹರ್ಟ್ಸ್ ರೇಡಿಯೋ ದತ್ತಾಂಶದಲ್ಲಿ ಬೆಂಜೋನೈಟ್ರೈಲ್ (ನೈಟ್ರೋಜನ್ ಇರುವ ಉಂಗುರಾಕಾರದ ಇಂಗಾಲದ ಅಣು) ಹುಡುಕುತ್ತಿದ್ದೇವೆ. 2018ರಲ್ಲಿ ಅಮೆರಿಕದ ಗ್ರೀನ್ ಬ್ಯಾಂಕಿನ 100 ಮೀಟರ್ ರೇಡಿಯೋ ದೂರದರ್ಶಕ ಇದನ್ನು ಪತ್ತೆ ಮಾಡಿದ್ದು ಇದೇ ಆವರ್ತನ ವ್ಯಾಪ್ತಿಯಲ್ಲಿ. ಚಾನೆಲ್ ಅಗಲ 1.4 ಕಿಲೋಹರ್ಟ್ಸ್. ಬಿಡಿ ಗೆರೆಗಳು (ಅಣು ತನ್ನದೇ ಆವರ್ತನಗಳಲ್ಲಿ ಹೊಮ್ಮಿಸುವ ಸಂಕೇತಗಳು) ಗದ್ದಲದಲ್ಲಿ ಮುಳುಗಿವೆ, ಹಾಗಾಗಿ ಪ್ರತಿ ಗೆರೆಯನ್ನೂ ವೇಗದ ಅಕ್ಷಕ್ಕೆ ತಂದು ಕೂಡಿಸಿದ್ದೇವೆ. ತೂಕ: 7 ಕೆಲ್ವಿನ್‌ನಲ್ಲಿ ನಿರೀಕ್ಷಿತ ತೀವ್ರತೆಯನ್ನು ಗದ್ದಲದ ವರ್ಗದಿಂದ (ಸ್ಕ್ವೇರ್) ಭಾಗಿಸಿದ್ದು.

ಶಿಖರ ಸರಿಯಾಗಿ ಮೋಡದ ವೇಗವಾದ 5.8 ಕಿಮೀ/ಸೆಕೆಂಡಿನಲ್ಲೇ ಬರುತ್ತದೆ. ಆದರೆ ಪಕ್ಕದಲ್ಲಿ ಸುಮಾರು 0.3 ಕಿಮೀ/ಸೆ ದೂರಕ್ಕೆ ಇನ್ನೊಂದು ಉಬ್ಬು. 20 ಗಿಗಾಹರ್ಟ್ಸ್‌ನಲ್ಲಿ ಅದು ಬರೀ 20 ಕಿಲೋಹರ್ಟ್ಸ್, ಅಂದರೆ ಹೆಚ್ಚುಕಡಿಮೆ ಒಂದು ಗೆರೆಯ ಅಗಲ. ಡಾಪ್ಲರ್ ತಿದ್ದುಪಡಿಯ ತಪ್ಪಲ್ಲ: ಅದೇ ವ್ಯಾಪ್ತಿಯ 21.301 ಗಿಗಾಹರ್ಟ್ಸ್‌ನ ಎಚ್‌ಸಿ5ಎನ್ (ಇದೇ ಮೋಡದ ಇನ್ನೊಂದು ಅಣು) ಗೆರೆ ತನ್ನ ಜಾಗದಲ್ಲೇ ಇದೆ. ರಿಸೀವರ್‌ಗೂ ಉಪದರ್ಪಣಕ್ಕೂ ನಡುವಿನ ನಿಂತ ಅಲೆಯೂ ಅಲ್ಲ ಅನಿಸುತ್ತದೆ, ಅದರ ಏರಿಳಿತ ಮೆಗಾಹರ್ಟ್ಸ್ ಅಳತೆಯದು.

ಉಳಿದ ಅನುಮಾನ ಎರಡು. ಒಂದು, ನೈಟ್ರೋಜನ್‌ನ ಹೈಪರ್‌ಫೈನ್ ಸೀಳಿಕೆಯನ್ನು (ನ್ಯೂಕ್ಲಿಯಸ್ಸಿನ ಪ್ರಭಾವದಿಂದ ಒಂದು ಗೆರೆ ಹಲವಾಗಿ ಒಡೆಯುವುದು) ಬಿಟ್ಟು ಮಧ್ಯದ ಆವರ್ತನಗಳನ್ನಷ್ಟೇ ಬಳಸಿರುವುದು. ಎರಡು, ಮೋಡದಲ್ಲೇ ಬೇರೆ ಬೇರೆ ವೇಗದ ಭಾಗಗಳಿರುವುದು. ಮೊದಲನೆಯದೇ ಇರಬಹುದು ಎಂಬುದು ನಮ್ಮ ಊಹೆ.

ಸೀಳಿದ ಗೆರೆಗಳನ್ನು ಕೂಡಿಸುವಾಗ ಪ್ರತಿ ಘಟಕವನ್ನೂ ಬೇರೆಯಾಗಿ ತೂಗಬೇಕೇ, ಇಲ್ಲ ಮಾದರಿ ರೋಹಿತವನ್ನೇ ಹೊಂದಾಣಿಕೆ ಶೋಧಕವಾಗಿ (ನಿರೀಕ್ಷಿತ ಆಕಾರವನ್ನು ದತ್ತಾಂಶದ ಮೇಲೆ ಸರಿಸಿ ಹೋಲಿಸುವ ವಿಧಾನ) ಹಾಯಿಸುವುದು ಒಳ್ಳೆಯದೇ? ಮಾಡಿ ನೋಡಿದವರು ದಯವಿಟ್ಟು ಹೇಳಿ. ಆವರ್ತನಪಟ್ಟಿ, ತೂಕಗಳ ಕಡತ ಕೇಳಿದರೆ ಕೊಡುತ್ತೇವೆ.