ಡಿವಿಆರ್‌ಗೆ ಮಾಲ್‌ವೇರ್ (ಹಾನಿಕಾರಕ ತಂತ್ರಾಂಶ) ಹೊಕ್ಕ ಅನುಭವ ಯಾರಿಗಾದರೂ ಇದೆಯೇ?

ಇಳಕಲ್‌ನಿಂದ, ಪ್ರಶ್ನೆ:
ನಮ್ಮ ಸೀರೆ ಅಂಗಡಿಯಲ್ಲಿ ನಾಲ್ಕು ಕ್ಯಾಮೆರಾಗಳೂ ಅವುಗಳ ದೃಶ್ಯ ರೆಕಾರ್ಡ್ ಮಾಡುವ ಒಂದು ಹಳೆಯ ಡಿವಿಆರ್ ಕೂಡ ಇವೆ. ಒಂದು ತಿಂಗಳಿನಿಂದ ರಾತ್ರಿ ಇಂಟರ್‌ನೆಟ್ ತೀರ ನಿಧಾನವಾಗುತ್ತಿದ್ದು, ಅಂಗಡಿಯಿಂದ ವಿಪರೀತ ಡೇಟಾ ಹೊರಗೆ ಹೋಗುತ್ತಿದೆ ಎಂದು ಸಂಪರ್ಕ ಕೊಟ್ಟವರು ಹೇಳುತ್ತಾರೆ. ಇಂಥದ್ದನ್ನು ಕಂಡವರು ದಯವಿಟ್ಟು ತಿಳಿಸಿರಿ.

ಬೆಳಗಾವಿಯಿಂದ:
ಸಾವಕಾರರೇ, ಉದ್ಯಮಬಾಗದ ನಮ್ಮ ವರ್ಕ್‌ಶಾಪಿನಲ್ಲಿಯೂ ಹೀಗೆಯೇ ಆಗಿತ್ತು. ಡಿವಿಆರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದಾಗ ಸರಿಹೋಯಿತೆಂದು ನಿಶ್ಚಿಂತರಾದೆವು. ಮರುದಿನ ಮತ್ತೆ ಅದೇ ಪಾಡು. 2016ರಲ್ಲಿ ಹರಡಿದ ಮಿರಾಯ್‌ನಂಥ ಮಾಲ್‌ವೇರ್ ಯಂತ್ರದ ತಾತ್ಕಾಲಿಕ ಮೆಮೊರಿಯಲ್ಲಷ್ಟೇ ಕೂರುವುದರಿಂದ ಕರೆಂಟ್ ತೆಗೆದರೆ ಅಳಿಯುತ್ತದೆ ನಿಜ, ಆದರೆ ಹಳೆಯ ಪಾಸ್‌ವರ್ಡ್ ಹಾಗೆಯೇ ಉಳಿದಿದ್ದರೆ, ಇಂಟರ್‌ನೆಟ್ಟಿನಲ್ಲಿ ಸದಾ ಹುಡುಕಾಡುತ್ತಿರುವ ಸೋಂಕಿತ ಯಂತ್ರಗಳು ಕೆಲವೇ ನಿಮಿಷಗಳಲ್ಲಿ ಅದನ್ನು ಮತ್ತೆ ಹಿಡಿಯಬಲ್ಲವು. ಅದರ ಉಪಾಯವೇನೂ ದೊಡ್ಡದಲ್ಲ: ಟೆಲ್‌ನೆಟ್ ಪೋರ್ಟ್ (ಯಂತ್ರವನ್ನು ದೂರದಿಂದ ನಡೆಸಲು ಇರುವ ಬಾಗಿಲು) ತೆರೆದಿರುವಲ್ಲೆಲ್ಲ, ಕಾರ್ಖಾನೆಯಲ್ಲಿಯೇ ಇಟ್ಟ ಅರವತ್ತರಷ್ಟು ಹೆಸರು, ಪಾಸ್‌ವರ್ಡ್‌ಗಳ ಜೋಡಿಗಳನ್ನು ಹಚ್ಚಿ ನೋಡುವುದು. ನಮ್ಮದು, ಹೇಳಲು ನಾಚಿಕೆ, ಎರಡೂ ಕಡೆ ‘ಅಡ್ಮಿನ್’ ಎಂದೇ ಇತ್ತು. ಇಂಥ ಕ್ಯಾಮೆರಾ, ಡಿವಿಆರ್‌ಗಳ ದಂಡೇ 2016ರ ಅಕ್ಟೋಬರ್ 21ರಂದು ವೆಬ್‌ಸೈಟುಗಳ ಹೆಸರಿನಿಂದ ಅವುಗಳ ವಿಳಾಸ ಹುಡುಕಿಕೊಡುವ ಅಮೆರಿಕದ ಡೈನ್ ಕಂಪನಿಯ ಮೇಲೆ ಮುಗಿಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್‌ಗಳು ಅನೇಕರಿಗೆ ಸಿಗದಂತೆ ಮಾಡಿತ್ತು. ಆದ್ದರಿಂದ ಮೊದಲು ನೆಟ್ ಕೇಬಲ್ ಕಿತ್ತು, ಆಮೇಲೆ ಬಂದ್ ಮಾಡಿ ಚಾಲೂ ಮಾಡಿ, ಹೊಸ ಪಾಸ್‌ವರ್ಡ್ ಇಟ್ಟ ಮೇಲೆಯೇ ಕೇಬಲ್ ಜೋಡಿಸಿರಿ. ಈ ಕ್ರಮವನ್ನು ತಿರುವಿದರೆ ಮಾಡಿದ್ದು ವ್ಯರ್ಥ.

ವಿಜಯಪುರದಿಂದ:
ಮೇಲಿನವರು ಹೇಳಿದ್ದು ಸರಿ, ಆದರೆ ಅಷ್ಟೇ ಸಾಲದು. ಕೆಲವು ಅಗ್ಗದ ಡಿವಿಆರ್‌ಗಳಲ್ಲಿ ಪರದೆಯ ಮೇಲೆ ಬದಲಿಸುವ ಪಾಸ್‌ವರ್ಡ್ ಬೇರೆ, ಟೆಲ್‌ನೆಟ್‌ನದು ಬೇರೆ. ಎರಡನೆಯದನ್ನು ಮಾಲೀಕರು ಬದಲಿಸಲು ಬರುವುದೇ ಇಲ್ಲ. ನನ್ನದು ಅಂಥದ್ದೇ ಆಗಿದ್ದರಿಂದ, ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಒಳಗಿನ ಯಂತ್ರಕ್ಕೆ ದಾರಿ ಬಿಡುವುದು) ಮತ್ತು ಯುಪಿಎನ್‌ಪಿ (ಯಂತ್ರಗಳು ತಾವೇ ಅಂಥ ದಾರಿ ತೆರೆಸಿಕೊಳ್ಳುವ ಸೌಲಭ್ಯ) ಎರಡನ್ನೂ ಬಂದ್ ಮಾಡಿದ ಮೇಲಷ್ಟೇ ಕಾಟ ತಪ್ಪಿತು. ರೌಟರಿನೊಳಗಿನ ಮೂಲ ತಂತ್ರಾಂಶವಾದ ಫರ್ಮ್‌ವೇರನ್ನೂ ನವೀಕರಿಸಿರಿ. 2018ರಲ್ಲಿ ಬೆಳಕಿಗೆ ಬಂದ ವಿಪಿಎನ್‌ಫಿಲ್ಟರ್ ಎಂಬ ಮಾಲ್‌ವೇರ್ ರೌಟರುಗಳಿಗೇ ಹೊಕ್ಕಿತ್ತು, ಬಂದ್ ಮಾಡಿ ಚಾಲೂ ಮಾಡಿದರೂ ಅದರ ಬೇರು ಉಳಿಯುತ್ತಿತ್ತು.

ಇಳಕಲ್‌ನಿಂದ, ಮರಳಿ:
ಇಬ್ಬರಿಗೂ ಧನ್ಯವಾದಗಳು. ಮೊಬೈಲಿನಲ್ಲಿ ಅಂಗಡಿ ಕಾಣಲೆಂದು, ಕ್ಯಾಮೆರಾ ಕೂಡಿಸಿದ ಹುಡುಗ ನಮಗೆ ಹೇಳದೆಯೇ ರೌಟರಿನಲ್ಲಿ ಪೋರ್ಟ್ ತೆರೆದಿಟ್ಟಿದ್ದನು. ಅದನ್ನು ಮುಚ್ಚಿದ್ದೇವೆ. ಈ ಡಿವಿಆರ್‌ಗೆ ಹೊಸ ಫರ್ಮ್‌ವೇರ್ ಸಿಗಲಿಲ್ಲವಾದ್ದರಿಂದ ಸದ್ಯಕ್ಕೆ ನೆಟ್ ಇಲ್ಲದೆ ರೆಕಾರ್ಡಿಂಗ್ ಮಾತ್ರ ನಡೆದಿದೆ. ಮೂರು ರಾತ್ರಿಗಳಿಂದ ಇಂಟರ್‌ನೆಟ್ ಮೊದಲಿನ ವೇಗದಲ್ಲಿದೆ.